ಕೋಶ ಹೇಳಿದ್ದನ್ನು ದೇಹ ಒಪ್ಪಬೇಕೇ?

ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಬೊಜ್ಜು ಕರಗುತ್ತದೆ ಎಂಬ ಮಾತಿನ ಹಿಂದೆ ನಿಜವಾದ ವಿಜ್ಞಾನವೇ ಇದೆ. ಆದ್ದರಿಂದಲೇ ಅದನ್ನು ಎಚ್ಚರದಿಂದ ಪರಿಶೀಲಿಸಬೇಕು.

ಕೊಬ್ಬಿನ ಕೋಶದೊಳಗೆ ಟ್ರೈಗ್ಲಿಸರೈಡ್ ದೊಡ್ಡ ಹನಿಯಾಗಿ ಕೂಡಿರುತ್ತದೆ. ಉಪವಾಸವಿದ್ದಾಗ, ಮೈಮುರಿದು ದುಡಿದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ಬಂದು ತಾಗುತ್ತವೆ. ಆಗ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚಿ, ಲೈಪೇಸ್ ಕಿಣ್ವಗಳು ಚುರುಕಾಗಿ, ಹನಿಯನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ಒಡೆಯುತ್ತವೆ. ಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಈ ಕೆಲಸ ಕುಂಠಿತವಾಗುತ್ತದೆ: ಅದು ಫಾಸ್ಫೋಡೈಎಸ್ಟರೇಸ್ ಕಿಣ್ವವನ್ನು ಪ್ರಚೋದಿಸಿ ಆ ಸಂದೇಶವಾಹಕವನ್ನೇ ನಾಶಮಾಡಿಸುತ್ತದೆ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಮೈಕೆಲ್ ಝೆಮೆಲ್ ತಂಡ 2001ರಲ್ಲಿ ಮನುಷ್ಯರ ಕೊಬ್ಬಿನ ಕೋಶಗಳಲ್ಲೇ ಇದನ್ನು ತೋರಿಸಿತು.

ಹಾಗಿದ್ದರೆ ಕ್ಯಾಲ್ಸಿಯಂ ತಿಂದವರು ದಪ್ಪಗಾಗಬೇಕಲ್ಲವೇ? ಇಲ್ಲ ಎನ್ನುತ್ತದೆ ವಾದ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ವಿಟಮಿನ್ ಡಿಯ ಕ್ರಿಯಾಶೀಲ ರೂಪವಾದ ಕ್ಯಾಲ್ಸಿಟ್ರಯಾಲನ್ನು ಹೆಚ್ಚಾಗಿ ತಯಾರಿಸುತ್ತದೆ. ಅದೇ ಕೊಬ್ಬಿನ ಕೋಶದೊಳಗಿನ ಕ್ಯಾಲ್ಸಿಯಂ ಏರಿಸುತ್ತದೆ. ತಟ್ಟೆಯಲ್ಲಿ ಕೊರತೆಯಾದರೆ ಕೋಶದಲ್ಲಿ ಹೆಚ್ಚಳ. ಇಷ್ಟು ಸೊಗಸಾದ ತರ್ಕ ಅಪರೂಪ.

2004ರಲ್ಲಿ ಝೆಮೆಲ್ 32 ಸ್ಥೂಲಕಾಯರಿಗೆ 24 ವಾರ ಕ್ಯಾಲರಿ ತಗ್ಗಿಸಿದ ಆಹಾರ ಕೊಟ್ಟರು. ಹಾಲು ಮೊಸರು ಹೆಚ್ಚು ತಿಂದವರ ತೂಕ ಶೇ 10.9, ಕಡಿಮೆ ಕ್ಯಾಲ್ಸಿಯಂನವರದು ಶೇ 6.4 ಇಳಿಯಿತು. ಅಮೆರಿಕದ ಹೈನೋದ್ಯಮ ತೂಕ ಇಳಿಸುವ ಮಾತನ್ನೇ ಜಾಹೀರಾತಾಗಿಸಿತು. 2007ರಲ್ಲಿ ಅದನ್ನು ಕೈಬಿಡಬೇಕಾಯಿತು. 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 340 ಜನರ ಪೈಕಿ ಒಂದು ಗುಂಪು ಎರಡು ವರ್ಷ ದಿನಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂ ಸೇವಿಸಿತು. ಸೇವಿಸದವರಿಗೆ ಹೋಲಿಸಿದರೆ ತೂಕದಲ್ಲಾಗಲಿ ಕೊಬ್ಬಿನಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಕೋಶದ ಪ್ರಯೋಗ ಸುಳ್ಳಾಗುವುದಿಲ್ಲ. ಸುಳ್ಳಾಗುವುದು ಅಲ್ಲಿಂದ ಸೊಂಟದ ಸುತ್ತಳತೆಗೆ ಹಾರಿದ ತೀರ್ಮಾನ. ಕೊಬ್ಬು ಒಡೆಯುವುದೇ ಬೇರೆ, ಕರಗುವುದೇ ಬೇರೆ. ಬಿಡುಗಡೆಯಾದ ಕೊಬ್ಬಿನಾಮ್ಲವನ್ನು ಸ್ನಾಯುಗಳೋ ಹೃದಯವೋ ಉರಿಸಬೇಕು. ಉರಿಯದೆ ಉಳಿದದ್ದು ಮತ್ತೆ ಟ್ರೈಗ್ಲಿಸರೈಡ್ ಆಗಿ ಕೂಡಿಕೊಳ್ಳುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ಹಸಿವಿಲ್ಲ, ಅದು ನಡೆದಾಡುವುದಿಲ್ಲ, ಊಟಕ್ಕೆ ಕೂರುವುದೂ ಇಲ್ಲ.

ಆದರೂ ಪ್ರಶ್ನೆ ಪೂರ್ತಿ ಮುಚ್ಚಿಲ್ಲ. ಅಮೆರಿಕದಲ್ಲಿ 36,000ಕ್ಕೂ ಹೆಚ್ಚು ಮಹಿಳೆಯರಲ್ಲಿ ನಡೆದ ದೀರ್ಘ ಅಧ್ಯಯನದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿಯಿಂದ ಆದ ವ್ಯತ್ಯಾಸ ಸರಾಸರಿ 0.13 ಕಿಲೋ ಮಾತ್ರ. ಆ ಅಲ್ಪ ಲಾಭವೂ ಮುಖ್ಯವಾಗಿ ಕಂಡದ್ದು ಮೊದಲೇ ಕ್ಯಾಲ್ಸಿಯಂ ಕೊರತೆಯಿದ್ದವರಲ್ಲಿ. ಹೀಗಿರುವಾಗ ಹಾಲು, ರಾಗಿ, ಸೊಪ್ಪು ಸಾಕಷ್ಟು ತಿನ್ನುವವರಿಗೆ ಬೊಜ್ಜಿನ ಹೆಸರಿನಲ್ಲಿ ಕ್ಯಾಲ್ಸಿಯಂ ಡಬ್ಬಿ ಮಾರುವುದು ಅನ್ಯಾಯ. ಕೊರತೆಯಿರುವವರಿಗಂತೂ ಅದು ಬೇಕೇ ಬೇಕು, ಮೂಳೆಗಾಗಿ.