ಸೋತ ಆಟವನ್ನು ಮತ್ತೆ ನೋಡುತ್ತೇವೆ, ಸೋತ ಪಾಠವನ್ನೇಕೆ ನೋಡುವುದಿಲ್ಲ?

ನಮ್ಮ ಅಭ್ಯಾಸ ಬೋಧನೆಯ ಅವಲೋಕನ ಪಟ್ಟಿಗಳನ್ನು ಒಮ್ಮೆ ತಿರುವಿ ಹಾಕಿ. ‘ಪೀಠಿಕೆ ಚೆನ್ನಾಗಿತ್ತು’, ‘ಧ್ವನಿ ಸ್ಪಷ್ಟವಾಗಿತ್ತು’, ‘ಕಪ್ಪುಹಲಗೆಯ ಬಳಕೆ ಉತ್ತಮ’, ‘ತರಗತಿ ನಿಯಂತ್ರಣ ಸುಧಾರಿಸಬೇಕು’. ಈ ನಾಲ್ಕು ವಾಕ್ಯಗಳನ್ನು ಯಾರ ಪಟ್ಟಿಯಿಂದ ತೆಗೆದು ಯಾರ ಪಟ್ಟಿಗೆ ಹಾಕಿದರೂ ಹೊಂದಿಕೊಳ್ಳುತ್ತವೆ. ನಾನೂ ಸಹಪಾಠಿಗಳಿಗೆ ಇದನ್ನೇ ಬರೆದುಕೊಟ್ಟಿದ್ದೇನೆ, ಅವರೂ ನನಗೆ ಇದನ್ನೇ ಬರೆದುಕೊಟ್ಟಿದ್ದಾರೆ. ಒಬ್ಬರ ಅಂಕ ಇನ್ನೊಬ್ಬರು ಕಾಯುವ ಈ ಒಪ್ಪಂದದಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ನಷ್ಟ ಯಾರಿಗೆ ಎಂಬುದು ತಿಳಿದದ್ದು ಒಂದು ಮೊಬೈಲ್ ಆಟದಿಂದ ಎಂದರೆ ನಗಬೇಡಿ.

ಬಿ.ಎಸ್ಸಿ. ಓದುವಾಗಿನಿಂದ ನಾವು ನಾಲ್ವರು ಬಿಜಿಎಂಐ ಆಡುತ್ತೇವೆ. ಒಬ್ಬ ಮಳವಳ್ಳಿಯವನು, ಇಬ್ಬರು ಮದ್ದೂರಿನವರು, ನಾನು ಮಂಡ್ಯದವನು. ಕಳೆದ ವರ್ಷ ಗೆಳೆಯರ ಬಳಗವೊಂದು ನಡೆಸಿದ ಸಣ್ಣ ಪಂದ್ಯಾವಳಿಯಲ್ಲಿ ಹದಿನಾರು ತಂಡಗಳಿದ್ದವು. ನಾವು ಹದಿಮೂರನೆಯವರಾದೆವು. ಮುಗಿದ ಕೂಡಲೇ ಶುರುವಾದದ್ದು ನೆಪಗಳ ಸರಣಿ. “ನೆಟ್ ಕೈಕೊಡ್ತು ಕಣ್ಲಾ”, “ಝೋನೇ ಸರಿಯಾಗಿ ಬರ್ಲಿಲ್ಲ”, “ಅವ್ನು ಹಿಂದೆ ಉಳ್ಕೊಂಡ”. ಮಳವಳ್ಳಿಯ ಗೆಳೆಯ ಮಾತ್ರ ಸುಮ್ಮನಿದ್ದ. ಅವನು ನಾಲ್ಕೂ ಪಂದ್ಯಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಭಾನುವಾರ ಮದ್ದೂರಿನಲ್ಲಿ ಸೇರಿ, ವಡೆ ತಿನ್ನುತ್ತಾ ಅವನ್ನು ನೋಡಿದೆವು.

ನೆಟ್‌ವರ್ಕ್ ಕೈಕೊಟ್ಟದ್ದು ಒಂದೇ ಪಂದ್ಯದಲ್ಲಿ. ಉಳಿದ ಮೂರರಲ್ಲಿ ಕಂಡದ್ದು ಒಂದೇ ತಪ್ಪು. ಸುರಕ್ಷಿತ ವೃತ್ತ ಕಿರಿದಾಗುವಾಗ ‘ಹೊರಡಿ’ ಎಂದು ಹೇಳಬೇಕಾದವನು ತಡಮಾಡುತ್ತಿದ್ದ. ಹಾಗೆ ಹೇಳಬೇಕಾದವನು ನಾನು. ಆಡುವಾಗ ನನಗೆ ಅದು ತಾಳ್ಮೆ ಎನಿಸಿತ್ತು. ನೋಡುವಾಗ ಅದು ಹಿಂಜರಿಕೆ. ಆಟದೊಳಗಿದ್ದವನಿಗೆ ತನ್ನ ಆಟ ಕಾಣುವುದಿಲ್ಲ ಎಂಬ ಸರಳ ಸತ್ಯ ಅಂದು ತಲೆಗೆ ಹತ್ತಿತು.

ಇದು ಹೊಸ ವಿದ್ಯೆಯೇನಲ್ಲ. ಚದುರಂಗದ ಆಟಗಾರರು ಪ್ರತಿ ನಡೆಯನ್ನೂ ಬರೆದಿಟ್ಟುಕೊಂಡು, ಆಟ ಮುಗಿದ ಮೇಲೆ ಎದುರಾಳಿಯ ಜೊತೆಗೇ ಕುಳಿತು ಎಲ್ಲಿ ಎಡವಿದೆವು ಎಂದು ಹುಡುಕುತ್ತಾರೆ. ವಿಡಿಯೊ ಆಟಗಳಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಆಟಕ್ಕೆ 2001ರಲ್ಲಿ ಮರುನೋಟದ ಸೌಲಭ್ಯ ಬಂತು. ಆ ಕಡತದಲ್ಲಿ ಚಿತ್ರಗಳಿರುವುದಿಲ್ಲ. ಆಟಗಾರ ಯಾವ ಕ್ಷಣದಲ್ಲಿ ಯಾವ ಆಜ್ಞೆ ಕೊಟ್ಟ ಎಂಬುದಷ್ಟೇ ಇರುತ್ತದೆ. ಅದರಿಂದಲೇ ಇಡೀ ಆಟ ಮತ್ತೆ ಕಟ್ಟಿಕೊಳ್ಳುತ್ತದೆ. ಶಿಕ್ಷಕನಿಗೆ ಇದರಲ್ಲಿ ದೊಡ್ಡ ಪಾಠವಿದೆ. ಪರಿಶೀಲಿಸಬೇಕಾದದ್ದು ನಾವು ಹೇಗೆ ಕಂಡೆವು ಎಂಬುದನ್ನಲ್ಲ, ಯಾವ ಕ್ಷಣದಲ್ಲಿ ಏನು ನಿರ್ಧರಿಸಿದೆವು ಎಂಬುದನ್ನು.

ಶಿಕ್ಷಕನಾಗುವವನು ಮೊಬೈಲ್ ಆಟವನ್ನು ಹೊಗಳಬಹುದೇ ಎಂದು ಕೇಳುವವರಿದ್ದಾರೆ. ಹಣ ಕಟ್ಟಿ ಆಡುವ ಆಟಕ್ಕೂ ಕೌಶಲದ ಸ್ಪರ್ಧೆಗೂ ಅಂತರವಿದೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿಯೇ ಗುರುತಿಸಿದೆ. ಆದರೂ ರಾತ್ರಿಯಿಡೀ ಆಡಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ನಾನೂ ಕಂಡಿದ್ದೇನೆ. ಅವರ ಪರ ವಕಾಲತ್ತು ವಹಿಸಲು ಈ ಬರಹವಲ್ಲ. ಆಟವನ್ನು ಬಿಡಿ, ಆಟದ ನಂತರದ ಆ ಭಾನುವಾರವನ್ನು ಮಾತ್ರ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ.

ಆ ಭಾನುವಾರವನ್ನು ನಾನು ಶಾಲೆಗೂ ಒಯ್ದೆ. ಒಂಬತ್ತನೆಯ ತರಗತಿಗೆ ‘ಶಬ್ದ’ ಪಾಠದಲ್ಲಿ ಪ್ರತಿಧ್ವನಿ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಮಕ್ಕಳಿಗೂ ತಿಳಿಸಿ, ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು ಧ್ವನಿ ಮಾತ್ರ ರೆಕಾರ್ಡ್ ಮಾಡಿದೆ. ಪಾಠ ಮುಗಿದಾಗ ನನಗೆ ಸಮಾಧಾನವಿತ್ತು. ದಿನಚರಿಯಲ್ಲಿ ‘ವಿದ್ಯಾರ್ಥಿಗಳು ಸಕ್ರಿಯವಾಗಿ ಭಾಗವಹಿಸಿದರು’ ಎಂದು ಬರೆದೆ. ಸಹಪಾಠಿಯ ಪಟ್ಟಿಯಲ್ಲೂ ಅದೇ ಇತ್ತು.

ರಾತ್ರಿ ಕೇಳಿಸಿಕೊಂಡೆ. “ನಮ್ಮ ಈ ಕೊಠಡಿಯಲ್ಲಿ ಪ್ರತಿಧ್ವನಿ ಯಾಕೆ ಕೇಳಿಸುವುದಿಲ್ಲ?” ಎಂದು ನಾನೇ ಕೇಳುತ್ತೇನೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿಯ ಸಣ್ಣ ಧ್ವನಿ, “ಗೋಡೆ ಹತ್ರ...” ಎನ್ನುತ್ತದೆ. ಅಷ್ಟರಲ್ಲಿ ನನ್ನ ಧ್ವನಿ ಅದರ ಮೇಲೆ ಬಿದ್ದು, “ಗೊತ್ತಿಲ್ವಾ? ನಾನೇ ಹೇಳ್ತೀನಿ ಕೇಳಿ” ಎಂದು ವ್ಯಾಖ್ಯಾನ ಬರೆಸಲು ತೊಡಗುತ್ತದೆ. ಆ ಹುಡುಗಿಯ ಉತ್ತರ ಸರಿಯಾಗಿತ್ತು. ಪ್ರತಿಧ್ವನಿ ಬೇರೆಯಾಗಿ ಕೇಳಿಸಲು ಶಬ್ದ ಹೋಗಿ ಬರಲು ಕನಿಷ್ಠ 0.1 ಸೆಕೆಂಡ್ ಬೇಕು, ಅಂದರೆ ಗೋಡೆ ಸುಮಾರು 17.2 ಮೀಟರ್ ದೂರವಿರಬೇಕು. ನಮ್ಮ ಗೋಡೆ ನಿಜಕ್ಕೂ ಹತ್ತಿರವಿತ್ತು. ಉಳಿದ ಅರ್ಧ ಗಂಟೆಯ ರೆಕಾರ್ಡಿಂಗಿನಲ್ಲಿ ಆ ಧ್ವನಿ ಮತ್ತೆ ಕೇಳಿಸುವುದಿಲ್ಲ. ‘ಸಕ್ರಿಯವಾಗಿ ಭಾಗವಹಿಸಿದರು’ ಎಂಬ ಸಾಲನ್ನು ನಾನು ಹೊಡೆದುಹಾಕಿದೆ.

ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರ ಸಂಖ್ಯೆ ಕಡಿಮೆಯಾಗುತ್ತದೆ. ಇದನ್ನು ಓದಿ ಪರೀಕ್ಷೆಯಲ್ಲಿ ಬರೆಯುವುದು ಸುಲಭ. ನನ್ನದೇ ಧ್ವನಿಯಲ್ಲಿ ಕೇಳಿಸಿಕೊಂಡ ಮೇಲೆ ಮಾತ್ರ ಅದು ನನ್ನ ತಪ್ಪಾಯಿತು. ಆಟದಲ್ಲಿ ತಡವಾಗಿ ಮಾತಾಡುವವನು ತರಗತಿಯಲ್ಲಿ ಬೇಗ ಮಾತಾಡುತ್ತಿದ್ದೆ.

ಮರುದಿನ ತರಗತಿಯಲ್ಲಿ, “ನಿನ್ನೆ ಹಿಂದಿನಿಂದ ಒಬ್ಬರು ಸರಿಯಾದ ಉತ್ತರ ಹೇಳ್ತಿದ್ರು, ನಾನು ಕೇಳಿಸ್ಕೊಳ್ಳಲಿಲ್ಲ, ತಪ್ಪು ನಂದು” ಎಂದೆ. ಟೇಪು ತಂದು ಮಕ್ಕಳಿಂದಲೇ ಕೊಠಡಿ ಅಳೆಸಿದೆ. ಆಮೇಲೆ ಮೈದಾನಕ್ಕೆ ಹೋಗಿ ಕಟ್ಟಡದ ಗೋಡೆಯಿಂದ ದೂರ ನಿಂತು ಚಪ್ಪಾಳೆ ತಟ್ಟಿದೆವು. ಆ ಹುಡುಗಿ ಅಂದು ಮಾತಾಡಲಿಲ್ಲ. ಟೇಪಿನ ಒಂದು ತುದಿ ಮಾತ್ರ ಹಿಡಿದಿದ್ದಳು. ನಾಲ್ಕನೆಯ ಪಾಠದಲ್ಲಿ ಕೈ ಎತ್ತಿದಳು. ಒಂದೇ ಸೆಕೆಂಡಿನಲ್ಲಿ ಮುಚ್ಚಿಸಿದ ಬಾಯಿ ತೆರೆಯಲು ಒಂದು ವಾರ ಬೇಕಾಯಿತು.

ಹಾಗೆ ನೋಡಿದರೆ ನಾವು ಮೊದಲ ಸೆಮಿಸ್ಟರಿನಲ್ಲಿ ಮಾಡುವ ಸೂಕ್ಷ್ಮ ಬೋಧನೆ ಹುಟ್ಟಿದ್ದೇ ಹೀಗೆ. 1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಇದನ್ನು ರೂಪಿಸಿದಾಗ, ಪಾಠದ ವಿಡಿಯೊ ಟೇಪನ್ನು ಪ್ರಶಿಕ್ಷಣಾರ್ಥಿಗೇ ತೋರಿಸುತ್ತಿದ್ದರು. ಭಾರತೀಯ ಮಾದರಿಯ 36 ನಿಮಿಷದ ಚಕ್ರವನ್ನು ನೆನಪಿಸಿಕೊಳ್ಳಿ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಬೋಧಿಸುವುದಕ್ಕಿಂತ ಬೋಧಿಸಿದ್ದರ ಬಗ್ಗೆ ಯೋಚಿಸುವುದಕ್ಕೇ ಹೆಚ್ಚು ಸಮಯ. ನಾವು ದಾಖಲೆ ಪುಸ್ತಕದಲ್ಲಿ ಈ ಚಕ್ರವನ್ನು ಬಣ್ಣದ ಪೆನ್ನಿನಲ್ಲಿ ಬರೆಯುತ್ತೇವೆ. ಶಾಲೆಗೆ ಹೋದ ಮೇಲೆ ಮೊದಲ 6 ನಿಮಿಷ ಉಳಿದು, ಉಳಿದ 30 ಮರೆಯುತ್ತದೆ.

ನನ್ನ ಸಲಹೆ ಇಷ್ಟು. ಪ್ರತಿ ವಾರ ಒಂದು ಪಾಠದ ಧ್ವನಿಯನ್ನಾದರೂ ರೆಕಾರ್ಡ್ ಮಾಡೋಣ. ಅಂದೇ ಕೇಳೋಣ, ನಾಳೆಯಾದರೆ ನೆಪಗಳು ಗಟ್ಟಿಯಾಗಿರುತ್ತವೆ. ಪಾಠ ಮಾಡಿದವರೇ ಮೊದಲು ಮಾತಾಡಲಿ. ಸಹಪಾಠಿ ‘ಚೆನ್ನಾಗಿತ್ತು’ ಎನ್ನುವ ಬದಲು ಒಂದು ಕ್ಷಣವನ್ನು ತೋರಿಸಿ, “ಇಲ್ಲಿ ಯಾಕೆ ಹೀಗೆ ಮಾಡಿದೆ?” ಎಂದು ಕೇಳಲಿ. ಒಂದು ಸಲಕ್ಕೆ ಒಂದೇ ತಪ್ಪು. ನಾವು ನಾಲ್ವರು ಅಂದು ಹತ್ತು ತಪ್ಪುಗಳ ಪಟ್ಟಿ ಮಾಡಿದ್ದರೆ ಒಂದನ್ನೂ ತಿದ್ದಿಕೊಳ್ಳುತ್ತಿರಲಿಲ್ಲ. ಕೇಳಿ ಮುಗಿದ ಮೇಲೆ ರೆಕಾರ್ಡಿಂಗ್ ಅಳಿಸಬೇಕು. ಮಕ್ಕಳ ಧ್ವನಿ ಯಾವ ವಾಟ್ಸ್ಆ್ಯಪ್ ಗುಂಪಿಗೂ ಹೋಗಬಾರದು.

ಇದಕ್ಕೊಂದು ಷರತ್ತೂ ಇದೆ. ಹೀಗೆ ಕಂಡುಕೊಂಡ ತಪ್ಪಿಗೆ ಅಂಕ ಕಳೆಯಬಾರದು. ತಪ್ಪು ಒಪ್ಪಿಕೊಂಡವನಿಗೆ ಕಡಿಮೆ, ಮುಚ್ಚಿಟ್ಟವನಿಗೆ ಹೆಚ್ಚು ಅಂಕ ಬರುವುದಾದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಈ ಬಗ್ಗೆ ನಮ್ಮ ಅಧ್ಯಾಪಕರು ಯೋಚಿಸಬೇಕೆಂದು ವಿನಂತಿಸುತ್ತೇನೆ.

ಪಂದ್ಯಾವಳಿಯಲ್ಲಿ ಹದಿಮೂರನೆಯ ಸ್ಥಾನ ಬಂದರೆ ನಷ್ಟ ನಮ್ಮದು ಮಾತ್ರ, ಮುಂದಿನ ತಿಂಗಳು ಇನ್ನೊಂದು ಪಂದ್ಯವಿರುತ್ತದೆ. ಒಂಬತ್ತನೆಯ ತರಗತಿಯ ಮಗು ಪ್ರತಿಧ್ವನಿಯ ಪಾಠ ಕೇಳುವುದು ಒಂದೇ ಸಲ. ನಮ್ಮ ಅಭ್ಯಾಸಕ್ಕೆ ತನ್ನ ಆ ಒಂದು ಪೀರಿಯಡ್ಡನ್ನು ಕೊಟ್ಟ ಮಗುವಿಗಾಗಿ, ಸಂಜೆ ಅರ್ಧ ಗಂಟೆ ನಮ್ಮದೇ ಧ್ವನಿಯನ್ನು ಕೇಳಿಸಿಕೊಳ್ಳುವುದು ಹೆಚ್ಚಿನ ಕೆಲಸವೇನಲ್ಲ.