ಮಗುವಿನ ಕುರ್ಚಿ ಕೈ ಬದಲಾಗುವ ಮುನ್ನ

ನಮ್ಮ ಮನೆಗಳಲ್ಲಿ ಮಗುವಿನ ವಸ್ತುಗಳು ಒಂದೇ ಮಗುವಿನೊಂದಿಗೆ ಮುಗಿದುಹೋಗುವುದಿಲ್ಲ. ಅಕ್ಕನ ಮಗು ಮಲಗಿದ ತೊಟ್ಟಿಲು ತಂಗಿಯ ಬಾಣಂತನಕ್ಕೆ ಬರುತ್ತದೆ. ಅಣ್ಣನ ಮಗನ ಸ್ವೆಟರು, ಕುಲಾವಿ ತಮ್ಮನ ಮಗಳ ಮೈಮೇಲೆ ಕಾಣುತ್ತದೆ. ಇದು ಒಳ್ಳೆಯ ಪದ್ಧತಿ. ದುಂದುವೆಚ್ಚವನ್ನು ಇಸ್ಲಾಮ್ ಮೆಚ್ಚುವುದಿಲ್ಲ. ಒಂದು ವಸ್ತು ನಾಲ್ಕು ಮಕ್ಕಳಿಗೆ ಉಪಯೋಗವಾದರೆ ಅದರಲ್ಲಿ ಬರಕತ್ತು ಇದೆ.

ಇತ್ತೀಚಿನ ವರ್ಷಗಳಲ್ಲಿ ಈ ವಸ್ತುಗಳ ಸಾಲಿಗೆ ಇನ್ನೊಂದು ಸೇರಿದೆ. ಮಗುವನ್ನು ಕೂರಿಸಿ ಊಟ ಮಾಡಿಸುವ ಎತ್ತರದ ಕುರ್ಚಿ, ಅಂದರೆ ಹೈಚೇರ್. ಕೊಲ್ಲಿ ರಾಷ್ಟ್ರದಲ್ಲಿರುವ ಮಾವನೋ ಚಿಕ್ಕಪ್ಪನೋ ರಜೆಗೆ ಬರುವಾಗ ತಂದದ್ದಿರಬಹುದು, ಮೈಸೂರಿನ ಅಂಗಡಿಯಲ್ಲಿ ಕೊಂಡದ್ದಿರಬಹುದು, ಮೊಬೈಲಿನಲ್ಲಿ ತರಿಸಿದ್ದಿರಬಹುದು. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆದ ಮೇಲೆ ಅಲ್ಲಿಂದಲೂ ಬರುತ್ತಿವೆ. ಮಗುವಿಗೆ ಆರು ತಿಂಗಳು ತುಂಬಿ ರಾಗಿ ಸರಿ ಶುರುವಾದಾಗ ಸಂಭ್ರಮದಿಂದ ಬರುವ ಕುರ್ಚಿ, ಮಗು ಎರಡು ವರ್ಷ ದಾಟುವಷ್ಟರಲ್ಲಿ ಅಟ್ಟ ಸೇರುತ್ತದೆ. ಸ್ವಲ್ಪ ದಿನ ಕಳೆದು ಅದರ ಫೋಟೋ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಹುಣಸೂರಿನ ಕುರ್ಚಿ ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಕೆ.ಆರ್. ನಗರಕ್ಕೆ, ಆಮೇಲೆ ಎಚ್.ಡಿ. ಕೋಟೆಯ ಯಾವುದೋ ಹಳ್ಳಿಗೆ ಹೀಗೆ ಕೈ ಬದಲಾಗುತ್ತಾ ಹೋಗುತ್ತದೆ.

ಹಳೆಯ ಬಟ್ಟೆ ಹರಿದರೆ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಹಳೆಯ ಕುರ್ಚಿಯ ಕಾಲು ಮುರಿದರೆ? ಈ ಸಂಚಿಕೆಯಲ್ಲಿ ಆ ಬಗ್ಗೆ ಸ್ವಲ್ಪ ಯೋಚಿಸೋಣ.

ಅಪಾಯ ಎಲ್ಲಿದೆ?

ಈ ಕುರ್ಚಿ ಊಟದ ಮೇಜಿನ ಎತ್ತರಕ್ಕೆ ಸಮನಾಗಿರುತ್ತದೆ. ಎಂಟು-ಹತ್ತು ತಿಂಗಳ ಮಗುವಿಗೆ ದೇಹದ ಉಳಿದ ಭಾಗಕ್ಕೆ ಹೋಲಿಸಿದರೆ ತಲೆ ಭಾರ. ಹಾಗಾಗಿ ಬಿದ್ದರೆ ತಲೆಯೇ ಮೊದಲು ನೆಲಕ್ಕೆ ತಾಗುತ್ತದೆ. ಈಗ ನಮ್ಮ ಮನೆಗಳ ನೆಲವೋ ಗ್ರಾನೈಟ್ ಇಲ್ಲವೇ ಟೈಲ್ಸ್. ಸರಗೂರಿನಾಚೆಯ ಹಳ್ಳಿಯಲ್ಲಿ ಮಗುವಿನ ತಲೆಗೆ ಪೆಟ್ಟಾದರೆ ಮೈಸೂರಿನ ದೊಡ್ಡಾಸ್ಪತ್ರೆ ತಲುಪಲು ಎಷ್ಟು ಹೊತ್ತು ಬೇಕೆಂಬುದು ಅಲ್ಲಿನ ತಾಯಂದಿರಿಗೆ ಚೆನ್ನಾಗಿ ಗೊತ್ತು.

ಎರಡನೆಯ ಅಪಾಯ ಹೆಚ್ಚು ಮಂದಿಗೆ ತಿಳಿದಿಲ್ಲ. ಸೊಂಟಪಟ್ಟಿ ಕಟ್ಟದೆ ಬರೀ ಮುಂದಿನ ತಟ್ಟೆಯನ್ನು ನಂಬಿ ಕೂರಿಸಿದರೆ ಮಗು ಮೆಲ್ಲಗೆ ಕೆಳಕ್ಕೆ ಜಾರುತ್ತದೆ. ದೇಹ ತಟ್ಟೆಯ ಕೆಳಗೆ ನುಸುಳಿ ಕುತ್ತಿಗೆ ತಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಆಗ ಮಗುವಿಗೆ ಕೂಗಲೂ ಆಗುವುದಿಲ್ಲ. ಆದ್ದರಿಂದ ನೆನಪಿಡಿ: ತಟ್ಟೆ ಇರುವುದು ಊಟ ಇಡಲಿಕ್ಕೆ, ಮಗುವನ್ನು ಹಿಡಿದಿಡಲಿಕ್ಕೆ ಪಟ್ಟಿಯೇ ಬೇಕು.

ಹೆಸರುವಾಸಿ ಕಂಪೆನಿಯದ್ದಾದರೆ ಭಯವಿಲ್ಲ ಎಂದುಕೊಳ್ಳಬೇಡಿ. 2010ರಲ್ಲಿ ಅಮೆರಿಕದಲ್ಲಿ ಗ್ರಾಕೊ ಕಂಪೆನಿಯ ಹಾರ್ಮನಿ ಎಂಬ ಮಾದರಿಯ ಸುಮಾರು 12 ಲಕ್ಷ ಕುರ್ಚಿಗಳನ್ನು ಹಿಂದಕ್ಕೆ ಕರೆಯಲಾಯಿತು. ಮುಂಗಾಲಿನ ಸ್ಕ್ರೂ ಸಡಿಲವಾಗಿ ಬೀಳುವ, ಹಿಂಗಾಲಿನ ಪ್ಲಾಸ್ಟಿಕ್ ಭಾಗ ಬಿರುಕು ಬಿಟ್ಟು ಕುರ್ಚಿ ಮಗುಚುವ ಅಪಾಯ ಕಂಡುಬಂದಿತ್ತು. 2012ರಲ್ಲಿ ಐಕಿಯಾ ತನ್ನ ಆಂಟಿಲೋಪ್ ಕುರ್ಚಿಯ ಪಟ್ಟಿಯ ಬಕಲ್ ತಾನಾಗಿ ಬಿಚ್ಚಿಕೊಳ್ಳಬಹುದೆಂದು ಪ್ರಕಟಿಸಿ, ಕೊಂಡವರಿಗೆ ಬದಲಿ ಪಟ್ಟಿ ಕೊಟ್ಟಿತು. ಇಂತಹ ಪ್ರಕಟಣೆ ಮೊದಲು ಕೊಂಡವರ ಕಿವಿಗೆ ಬೀಳಬಹುದು. ಅವರಿಂದ ಹಳೆಯದನ್ನು ಕೊಂಡ ಮೂರನೆಯವರಿಗೆ ಯಾರು ಹೇಳುತ್ತಾರೆ? ಆದ್ದರಿಂದ ಕುರ್ಚಿಯ ಅಡಿಯಲ್ಲಿರುವ ಚೀಟಿಯಲ್ಲಿ ಕಂಪೆನಿಯ ಹೆಸರು, ಮಾದರಿ, ತಯಾರಾದ ತಿಂಗಳು-ವರ್ಷ ನೋಡಿಕೊಳ್ಳಿ. ಮನೆಯಲ್ಲಿ ಓದುವ ಹುಡುಗ-ಹುಡುಗಿಯರಿಗೆ ಹೇಳಿದರೆ ಕಂಪೆನಿಯ ಜಾಲತಾಣದಲ್ಲಿ ಐದು ನಿಮಿಷದಲ್ಲಿ ಹುಡುಕಿ ಕೊಡುತ್ತಾರೆ.

ಕೊಳ್ಳುವವರು ನೋಡಬೇಕಾದದ್ದು

ಅಗ್ಗ ಸೂರೆ ಎಂದು ಮುಗ್ಗಲು ಜೋಳ ಕೊಂಡರಂತೆ ಎಂಬ ಗಾದೆ ನಮ್ಮ ಕಡೆ ಇದೆ. ಫೋಟೋ ನೋಡಿ ಹಣ ಕಳುಹಿಸಬೇಡಿ. ಕುರ್ಚಿಯನ್ನು ಕಣ್ಣಾರೆ ನೋಡಿ, ಕೈಯಾರೆ ಅಲುಗಾಡಿಸಿ ಕೊಳ್ಳಿ.

* ಕಾಲುಗಳು: ಸಮನಾದ ನೆಲದ ಮೇಲಿಟ್ಟು ಕೂರುವ ಜಾಗವನ್ನು ಎರಡೂ ಕೈಗಳಿಂದ ಒತ್ತಿ ನಾಲ್ಕು ದಿಕ್ಕಿಗೂ ಅಲ್ಲಾಡಿಸಿ. ಕುಂಟುವ ಕುರ್ಚಿ ಬೇಡ. ಕಾಲುಗಳು ಕೆಳಗೆ ಅಗಲವಾಗಿ ಹರಡಿಕೊಂಡಿದ್ದರೆ ಒಳ್ಳೆಯದು. ಚಕ್ರಗಳಿದ್ದರೆ ಬ್ರೇಕ್ ಹಿಡಿಯುತ್ತದೆಯೇ ನೋಡಿ.

* ಮಡಚುವ ಕೀಲು: ಮಡಚುವ ಕುರ್ಚಿಯನ್ನು ಬಿಡಿಸಿದಾಗ ಬೀಗ 'ಟಕ್' ಎಂದು ಕೂರಬೇಕು. ಆಮೇಲೆ ಎಷ್ಟು ಒತ್ತಿದರೂ ಮಡಚಿಕೊಳ್ಳಬಾರದು. ಕೀಲು ಸವೆದಿದ್ದರೆ ಮಗು ಕೂತಿರುವಾಗಲೇ ಕುಸಿಯಬಹುದು, ಬೆರಳು ಸಿಕ್ಕಿಕೊಳ್ಳಬಹುದು.

* ಪಟ್ಟಿ: ಸೊಂಟವನ್ನು ಬಳಸುವ ಪಟ್ಟಿಯ ಜೊತೆ ಎರಡು ಕಾಲುಗಳ ನಡುವೆ ಬರುವ ಪಟ್ಟಿಯೂ ಇರಲೇಬೇಕು. ಹೆಗಲಿನ ಮೇಲೂ ಬರುವುದಿದ್ದರೆ ಇನ್ನೂ ಉತ್ತಮ. ಬಕಲ್ ಹಾಕಿ ಜೋರಾಗಿ ಎಳೆದು ನೋಡಿ. ಅಟ್ಟದಲ್ಲಿದ್ದ ಕುರ್ಚಿಯ ಪಟ್ಟಿಯನ್ನು ಇಲಿ ಕಡಿದಿರುವುದುಂಟು. ಪಟ್ಟಿ ಇಲ್ಲದ ಕುರ್ಚಿಗೆ ಹಳೆಯ ದುಪಟ್ಟಾ ಕಟ್ಟಿಕೊಂಡರಾಯಿತು ಎನ್ನಬೇಡಿ. ಗಂಟು ಸಡಿಲವಾದರೆ ಮಗು ಜಾರುತ್ತದೆ, ಬಿಗಿಯಾದರೆ ಹೊಟ್ಟೆಗೂ ಕುತ್ತಿಗೆಗೂ ಸುತ್ತಿಕೊಳ್ಳುತ್ತದೆ.

* ಸ್ಕ್ರೂ, ಬಿರಡೆ: ತವರಿನಿಂದ ಗಂಡನ ಮನೆಗೆ ಕಳಚಿ ಬಸ್ಸಿನಲ್ಲಿ ಸಾಗಿಸಿದ ಕುರ್ಚಿಯಲ್ಲಿ ಒಂದೆರಡು ಸ್ಕ್ರೂ ಕಳೆದಿರುವುದು ಸಾಮಾನ್ಯ. ಅಲ್ಲಿ ತಂತಿ ಸುತ್ತಿದ್ದರೆ, ಮೊಳೆ ಹೊಡೆದಿದ್ದರೆ ಕೊಳ್ಳಬೇಡಿ. ಸ್ಕ್ರೂ ಮೇಲಿನ ಪ್ಲಾಸ್ಟಿಕ್ ಬಿರಡೆಗಳೂ ಭದ್ರವಾಗಿರಬೇಕು. ಹತ್ತು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದದ್ದೆಲ್ಲ ಮಗುವಿನ ಬಾಯಿಗೆ ಹೋಗುವಂಥದ್ದೇ ಎಂದು ತಿಳಿಯಿರಿ.

* ಪ್ಲಾಸ್ಟಿಕ್: ಮಾಳಿಗೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪ್ಲಾಸ್ಟಿಕ್ ಬಣ್ಣಗೆಟ್ಟು ಪೆಡಸಾಗುತ್ತದೆ. ಕಾಲು ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ.

* ಬಣ್ಣ: ಹಳೆಯ ಮರದ ಕುರ್ಚಿಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಭಾರತದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಲ್ಲು ಬರುವ ಮಗು ಕುರ್ಚಿಯ ಅಂಚನ್ನು ಕಚ್ಚುತ್ತದೆ. ಸೀಸ ಮಗುವಿನ ಮೆದುಳಿನ ಬೆಳವಣಿಗೆಗೆ ಕೇಡು. ಚಕ್ಕೆ ಏಳುತ್ತಿರುವ ಬಣ್ಣದ ಕುರ್ಚಿಯನ್ನು ಬಿಟ್ಟುಬಿಡಿ.

* ವಾಸನೆ: ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳು ಬಹಳ. ಬ್ಯಾರನ್ನಿನಲ್ಲೋ, ಔಷಧಿ ಹೊಡೆಯುವ ಡಬ್ಬಗಳ ಪಕ್ಕದಲ್ಲೋ ಕುರ್ಚಿ ಇಟ್ಟಿದ್ದರೆ ಅದರ ಬಟ್ಟೆ, ಸ್ಪಂಜು ವಿಷವನ್ನು ಹೀರಿರುತ್ತದೆ. ಔಷಧಿಯ ವಾಸನೆ ಬರುವ ಕುರ್ಚಿ ತೊಳೆದರೂ ಬೇಡ.

ಇದೆಲ್ಲ ಸರಿಯಿದ್ದರೆ ಮನೆಗೆ ತಂದು ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಎಲ್ಲ ಸ್ಕ್ರೂಗಳನ್ನು ಬಿಗಿಮಾಡಿ ಬಳಸಿ.

ಮಾರುವವರ ಜವಾಬ್ದಾರಿ

ಧಾನ್ಯದ ರಾಶಿಯ ಘಟನೆ ನಿಮಗೆಲ್ಲ ತಿಳಿದಿರಬಹುದು. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ನಡೆದುಹೋಗುತ್ತಿದ್ದಾಗ ಒಂದು ರಾಶಿಯೊಳಗೆ ಕೈ ಹಾಕಿದರು. ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಗಮನಿಸಿ, ನೆನೆದ ಧಾನ್ಯ ಮಾರಬಾರದೆಂದು ಅವರು ಹೇಳಲಿಲ್ಲ. ದೋಷವನ್ನು ಕಾಣುವಂತೆ ಇಡು ಎಂದರು. ಕೊಳ್ಳುವವರು-ಮಾರುವವರು ನಿಜ ಹೇಳಿ ಎಲ್ಲವನ್ನೂ ವಿವರಿಸಿದರೆ ಆ ವ್ಯಾಪಾರದಲ್ಲಿ ಬರಕತ್ತು ಇರುತ್ತದೆಂದೂ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆಂದೂ ಇನ್ನೊಂದು ಹದೀಸ್ ತಿಳಿಸುತ್ತದೆ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಒರೆಸಿ, ಹೊಸ ಬಟ್ಟೆ ಹೊದಿಸಿ, ಚೆನ್ನಾಗಿರುವ ಕಡೆಯಿಂದ ಫೋಟೋ ತೆಗೆಯುತ್ತೇವೆ. ಅದರ ಬದಲು ಸವೆದ ಕೀಲಿನ, ಗೀರು ಬಿದ್ದ ತಟ್ಟೆಯ ಫೋಟೋವನ್ನೂ ಕಳುಹಿಸಿ. ಎಷ್ಟು ವರ್ಷದ್ದು, ಎಷ್ಟು ಮಕ್ಕಳು ಬಳಸಿದರು, ಎಂದಾದರೂ ಬಿದ್ದಿತ್ತೇ, ಏನನ್ನು ರಿಪೇರಿ ಮಾಡಿಸಿದ್ದೀರಿ, ಯಾವ ಭಾಗ ಇಲ್ಲ ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಿ. ಜೋಡಿಸುವ ವಿವರದ ಪುಸ್ತಕವಿದ್ದರೆ ಜೊತೆಗೆ ಕೊಡಿ. ಇನ್ನೂರು ರೂಪಾಯಿ ಕಡಿಮೆ ಬರಬಹುದು. ಬಿಲ್ಲು, ಗ್ಯಾರಂಟಿ ಇಲ್ಲದೆ ಕೈಯಿಂದ ಕೈಗೆ ನಡೆಯುವ ಈ ವ್ಯವಹಾರದಲ್ಲಿ ಕೊಳ್ಳುವ ತಾಯಿಗೆ ನಿಮ್ಮ ಮಾತೇ ಗ್ಯಾರಂಟಿ. ಅದು ಅಮಾನತ್ತು.

ಕೆನಡಾ ದೇಶ 2004ರಲ್ಲಿ ಮಕ್ಕಳ ವಾಕರ್‌ಗಳನ್ನು ನಿಷೇಧಿಸಿತು. ಮಕ್ಕಳು ವಾಕರ್ ಸಮೇತ ಮೆಟ್ಟಿಲಿನಿಂದ ಉರುಳಿ ಬೀಳುತ್ತಿದ್ದದ್ದೇ ಕಾರಣ. ಅಲ್ಲಿ ಅಂಗಡಿಯವರು ಮಾತ್ರವಲ್ಲ, ಮನೆಯವರು ಹಳೆಯದನ್ನು ಮಾರುವುದೂ ತಪ್ಪು. ಕಾನೂನು ಹೇಳುವ ಮೊದಲೇ ನಮ್ಮ ದೀನ್ ಇದನ್ನು ನಮಗೆ ಕಲಿಸಿದೆ.

ಹಣದ ವಿಷಯದಲ್ಲೂ ಜಾಗ್ರತೆ ಇರಲಿ. ಮಾರಾಟಕ್ಕೆ ಹಾಕಿದ ಕೂಡಲೇ ಯಾರೋ ಫೋನ್ ಮಾಡಿ, ಕ್ಯೂಆರ್ ಕೋಡ್ ಕಳುಹಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮಗೆ ಹಣ ಬರುತ್ತದೆ ಎನ್ನುತ್ತಾರೆ. ನಂಬಬೇಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ನಿಮ್ಮ ಹಣವೇ ಹೋಗುತ್ತದೆ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕುರ್ಚಿಯ ಫೋಟೋದಲ್ಲಿ ಮಗುವಿನ ಮುಖ, ಮನೆಯ ವಿಳಾಸ ಬರದಂತೆ ನೋಡಿಕೊಳ್ಳಿ. ಅಪರಿಚಿತರ ಮನೆಗೆ ಒಬ್ಬರೇ ಹೋಗಬೇಡಿ. ಪತಿಯೋ ಅಣ್ಣತಮ್ಮಂದಿರೋ ಜೊತೆಗಿರಲಿ.

ಸದಕ ಕೊಡುವಾಗ

ಇನ್ನೊಂದು ಸೂಕ್ಷ್ಮ ವಿಷಯವಿದೆ. ಮಾರಲು ಮನಸ್ಸು ಒಪ್ಪದಷ್ಟು ಕೆಟ್ಟ ಕುರ್ಚಿಯನ್ನು ಏನು ಮಾಡುತ್ತೇವೆ? "ಕೆಲಸಕ್ಕೆ ಬರುವವಳ ಮಗುವಿಗೆ ಆಗಲಿ ಬಿಡಿ, ಸವಾಬಾದರೂ ಸಿಗುತ್ತದೆ" ಎನ್ನುತ್ತೇವೆ. ಸಹೋದರಿಯರೇ, ನಿಮ್ಮ ಮಗುವನ್ನು ಕೂರಿಸಲು ನೀವು ಹೆದರುವ ಕುರ್ಚಿಯಲ್ಲಿ ಆಕೆಯ ಮಗು ಮಾತ್ರ ಹೇಗೆ ಸುರಕ್ಷಿತವಾಗಿರುತ್ತದೆ? ದಾನ ಮಾಡಲು ಕೆಟ್ಟ ವಸ್ತುವನ್ನು ಆರಿಸಬಾರದೆಂದು ಸೂರಃ ಅಲ್‌ಬಕರದ 267ನೇ ಸೂಕ್ತ ನಮ್ಮನ್ನು ಎಚ್ಚರಿಸುತ್ತದೆ. ಬಡ ತಾಯಿ ಕೊಟ್ಟದ್ದನ್ನು ಪರೀಕ್ಷಿಸಿ ನೋಡುವುದಿಲ್ಲ. "ಅಮ್ಮ ಕೊಟ್ಟರು" ಎಂದು ನಂಬಿಕೆಯಿಂದ ಒಯ್ಯುತ್ತಾಳೆ. ಆ ನಂಬಿಕೆಗೆ ನಾವು ಉತ್ತರ ಕೊಡಬೇಕಾಗುತ್ತದೆ.

ಸರಿಪಡಿಸಲಾಗದ ಕುರ್ಚಿಯನ್ನು ಯಾರಿಗೂ ಕೊಡಬೇಡಿ. ಗುಜರಿಗೆ ಹಾಕುವುದಾದರೂ ಮೊದಲು ಪಟ್ಟಿ ಕತ್ತರಿಸಿ, ಕಾಲು ಮುರಿದು ಹಾಕಿ. ಇಡಿಯಾಗಿ ಕೊಟ್ಟರೆ ಗುಜರಿ ಅಂಗಡಿಯಿಂದ ಅದು ಮತ್ತೊಂದು ಮನೆಗೆ ಹೋಗುತ್ತದೆ. ಚಿಕ್ಕಪುಟ್ಟ ದೋಷವಾದರೆ ಸರಿಪಡಿಸಿ ಕೊಡಿ. ಮರದ ಕಾಲನ್ನು ಒಳ್ಳೆಯ ಬಡಗಿ ಭದ್ರ ಮಾಡಬಲ್ಲ. ಪಟ್ಟಿ ಬೇಕಾದರೆ ಕಂಪೆನಿಯಿಂದಲೇ ತರಿಸಿ. ದುರಸ್ತಿಯ ಆ ಖರ್ಚೂ ಇನ್ಶಾ ಅಲ್ಲಾಹ್ ಸದಕವೇ.

ಕೂರಿಸಿದ ಮೇಲೆ

ಕುರ್ಚಿ ಎಷ್ಟೇ ಗಟ್ಟಿಯಾಗಿದ್ದರೂ ತಾಯಿಯ ಕಣ್ಣಿಗೆ ಅದು ಬದಲಿಯಲ್ಲ. ಕುತ್ತಿಗೆ ನಿಂತು, ಆಸರೆಯಿದ್ದರೆ ನೆಟ್ಟಗೆ ಕೂರುವ ಮಗುವನ್ನಷ್ಟೇ ಅದರಲ್ಲಿ ಕೂರಿಸಿ. ಪ್ರತಿಸಲವೂ ಪಟ್ಟಿ ಹಾಕಿ. ಗೋಡೆ, ಮೇಜಿನಿಂದ ದೂರವಿಡಿ. ಮಗು ಕಾಲಿನಿಂದ ಒದ್ದು ಕುರ್ಚಿಯನ್ನೇ ಹಿಂದಕ್ಕೆ ಮಗುಚಬಹುದು. ಒಲೆ, ಬಿಸಿ ಚಹಾ, ಮಿಕ್ಸಿಯ ವೈರು ಮಗುವಿನ ಕೈಗೆ ಎಟುಕಬಾರದು.

ಅಝಾನ್ ಆಯಿತೆಂದು ಮಗುವನ್ನು ಕುರ್ಚಿಯಲ್ಲೇ ಬಿಟ್ಟು ಒಳಕೋಣೆಗೆ ನಮಾಝಿಗೆ ಹೋಗಬೇಡಿ. ಕೆಳಗಿಳಿಸಿ, ನಿಮ್ಮ ಪಕ್ಕದಲ್ಲೇ ಬಿಟ್ಟುಕೊಳ್ಳಿ. ಪ್ರವಾದಿವರ್ಯರು(ಸ) ಮೊಮ್ಮಗಳು ಉಮಾಮರನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದರು. ಸುಜೂದ್‌ಗೆ ಹೋಗುವಾಗ ಕೆಳಗಿಳಿಸುತ್ತಿದ್ದರು, ಎದ್ದಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಮಗು ಹತ್ತಿರವಿದ್ದರೆ ಇಬಾದತ್ತಿಗೆ ಅಡ್ಡಿಯಲ್ಲ.

ಮಗು ಬಿದ್ದು ತಲೆಗೆ ಪೆಟ್ಟಾಗಿ ವಾಂತಿ ಮಾಡಿದರೆ, ಮಂಪರಾದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅರಿಶಿನ ಹಚ್ಚುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ತಕ್ಷಣ ತಾಲೂಕು ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಓದಿ, ಕುರ್ಚಿಯೇ ಇಲ್ಲದ ಮನೆಯ ತಾಯಂದಿರು ಕೊರಗಬೇಕಿಲ್ಲ. ನೆಲದ ಮೇಲೆ ದಸ್ತರ್‌ಖಾನ್ ಹಾಸಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಬಿಸ್ಮಿಲ್ಲಾಹ್ ಹೇಳಿ ತುತ್ತಿಡುವ ನಮ್ಮ ಅಜ್ಜಿಯರ ಪದ್ಧತಿಯಲ್ಲಿ ಮಗು ಎತ್ತರದಿಂದ ಬೀಳುವ ಭಯವೇ ಇರಲಿಲ್ಲ. ಅನುಮಾನವಿರುವ ಅಗ್ಗದ ಕುರ್ಚಿಗಿಂತ ತಾಯಿಯ ಮಡಿಲು ಎಷ್ಟೋ ಮೇಲು.

ಈಗಲೇ ಅಟ್ಟದಲ್ಲಿರುವ ಕುರ್ಚಿಯನ್ನು ಇಳಿಸಿ ಒಮ್ಮೆ ನೋಡಿ. ಕೊಡುವಂಥದ್ದಾದರೆ ನಿಜ ಹೇಳಿ ಕೊಡಿ. ಕೊಡುವಂಥದ್ದಲ್ಲವಾದರೆ ಮುರಿದು ಹಾಕಿ. ನಮ್ಮ ಮಕ್ಕಳನ್ನೂ ನಮ್ಮ ಕೈಯಿಂದ ಹೋದ ವಸ್ತುವಿನಲ್ಲಿ ಕೂರುವ ಮಕ್ಕಳನ್ನೂ ಅಲ್ಲಾಹನು ಕಾಪಾಡಲಿ. ಆಮೀನ್.