ಖಳನಿಗೆ ಕೊನೆ ಸೀನು ಬರೆಯೋರು ಯಾರು?

ಗೆಳೆಯರೇ, ಈ ವಾರ ಒಂದು ತಲೆಹರಟೆ ಪ್ರಶ್ನೆ. ಖಳನಾಯಕನ ಕೊನೆ ಸೀನು ಬರೆಯೋ ಕೆಲಸ ನಿಮಗೇ ಕೊಟ್ರೆ ಏನು ಮಾಡ್ತೀರಿ? ಕೊಲ್ತೀರಾ? ಜೈಲಿಗೆ ಹಾಕ್ತೀರಾ? ಇಲ್ಲಾ, ‘ಹೋಗ್ಲಿ ಪಾಪ, ಬದಲಾಗ್ಲಿ’ ಅಂತ ಬಿಡ್ತೀರಾ?

ನಗಬೇಡಿ. ಅಮೆರಿಕದ ಕಾಮಿಕ್ಸ್ ಅಭಿಮಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದು ಇದಕ್ಕೇ. ಅದರಲ್ಲೂ ಒಬ್ಬ ಆಸಾಮಿಯ ವಿಷಯದಲ್ಲಿ. ಬಿಳಿ ಮುಖ, ಹಸಿರು ಕೂದಲು, ಕಿವಿಯವರೆಗೂ ಹಿಗ್ಗಿದ ನಗು... ಹೌದು, ಬ್ಯಾಟ್‌ಮನ್ನನ ಹಳೇ ವೈರಿ ಜೋಕರ್!

ಈ ಜೋಕರ್ ಹುಟ್ಟಿದ ಸಂಚಿಕೆಯಲ್ಲೇ ಸಾಯಬೇಕಿತ್ತು ಸ್ವಾಮಿ! 1940ರಲ್ಲಿ ‘ಬ್ಯಾಟ್‌ಮನ್’ ಪುಸ್ತಕದ ಮೊದಲ ಸಂಚಿಕೆ ಬಂತು. ಅದರಲ್ಲಿ ಅವನದು ಎರಡು ಕತೆ. ಎರಡನೆಯದರ ಕೊನೆಗೆ ತನ್ನ ಚಾಕು ತನಗೇ ಚುಚ್ಚಿಕೊಂಡು ಸಾಯೋದು ಅಂತ ತೀರ್ಮಾನವಾಗಿತ್ತು. ಇಂಥ ಖಳನನ್ನು ಕಳಕೊಳ್ಳೋದು ಬೇಡ ಅಂದುಕೊಂಡ ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಕೊನೆಗೊಂದು ಚಿತ್ರ ಸೇರಿಸಿಸಿದ. ಆಂಬುಲೆನ್ಸ್‌ನಲ್ಲಿ ಜೋಕರ್ ಇನ್ನೂ ಉಸಿರಾಡ್ತಿದ್ದಾನೆ! ಆ ಒಂದೇ ಚಿತ್ರದ ದಯದಿಂದ ಎಂಬತ್ತು ವರ್ಷ ಮೀರಿದರೂ ಕೇಕೆ ಹಾಕ್ತಾನೇ ಇದ್ದಾನೆ.

1988ರಲ್ಲಿ ಅಲನ್ ಮೂರ್ ಬರೆದು ಬ್ರಯಾನ್ ಬೋಲ್ಲಂಡ್ ಚಿತ್ರಿಸಿದ ‘ದಿ ಕಿಲ್ಲಿಂಗ್ ಜೋಕ್’ ಬಂತು. ಅದರ ಕೊನೆಯಲ್ಲಿ ಬ್ಯಾಟ್‌ಮನ್ ಹೊಡೆಯೋದು ಬಿಟ್ಟು ಕೈ ಚಾಚ್ತಾನೆ. ನಿನ್ನನ್ನ ಸರಿ ಮಾಡೋಣ, ನಾನು ಜೊತೆಗಿರ್ತೀನಿ ಅನ್ನೋ ಧಾಟಿಯಲ್ಲಿ ಕರೀತಾನೆ. ಜೋಕರ್ ಒಂದು ಗಳಿಗೆ ಮೌನ. ಆಮೇಲೆ, ಕಾಲ ಮೀರಿಹೋಯ್ತು ಅಂತಾನೆ. ಮಳೆಯಲ್ಲಿ ಇಬ್ಬರೂ ನಿಂತು ನಗ್ತಾರೆ. ನಗು ನಿಂತುಹೋಗುತ್ತೆ. ಅಲ್ಲೇನಾಯ್ತು? ಕತ್ತು ಹಿಸುಕಿದನಾ, ಹೆಗಲು ಹಿಡಿದನಾ? ಅಭಿಮಾನಿಗಳ ಜಗಳ ಇವತ್ತಿಗೂ ಮುಗಿದಿಲ್ಲ.

ಅದೇ 1988ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ತಮಾಷೆ... ಅಲ್ಲ, ತಮಾಷೆ ಅನ್ನೋಕೆ ನನಗೆ ಮನಸ್ಸಿಲ್ಲ. ಬ್ಯಾಟ್‌ಮನ್ನನ ಶಿಷ್ಯ ರಾಬಿನ್. ಆಗಿನ ರಾಬಿನ್ ಹೆಸರು ಜೇಸನ್ ಟಾಡ್, ಬೀದೀಲಿ ಬೆಳೆದ ಹುಡುಗ, ಮೂಗಿನ ತುದೀಲೇ ಸಿಟ್ಟು. ಓದುಗರಲ್ಲಿ ಬಹಳ ಜನಕ್ಕೆ ಅವನು ಸೇರುತ್ತಿರಲಿಲ್ಲ. ಜೋಕರ್ ಅವನನ್ನು ಕಬ್ಬಿಣದ ಸಲಾಕೆಯಲ್ಲಿ ಜಜ್ಜಿ, ಬಾಂಬಿನ ಪಕ್ಕ ಬಿಟ್ಟು ಹೋದ. ಬಾಂಬ್ ಸಿಡೀತು. ಮುಂದೆ? ‘ನೀವೇ ಹೇಳಿ’ ಅಂತ ಪ್ರಕಾಶಕರು ಎರಡು ಫೋನ್ ನಂಬರ್ ಕೊಟ್ಟರು. ಒಂದು ಬದುಕಲಿ ಅನ್ನೋಕೆ, ಇನ್ನೊಂದು ಸಾಯಲಿ ಅನ್ನೋಕೆ. ಒಂದು ಕರೆಗೆ 50 ಸೆಂಟ್, ಗಡುವು 36 ಗಂಟೆ.

ಬದುಕಲಿ: 5,271. ಸಾಯಲಿ: 5,343. ವ್ಯತ್ಯಾಸ ಬರೀ 72! ಒಂದು ಬಸ್ಸಿನಲ್ಲಿ ನಿಂತು, ಕೂತು, ಫುಟ್‌ಬೋರ್ಡ್‌ನಲ್ಲಿ ನೇತಾಡೋವಷ್ಟು ಜನ. ಅಷ್ಟು ಜನವೂ ಅಲ್ಲ, ಕರೆಗಳು. ಜೇಬಲ್ಲಿ ಕಾಸಿದ್ದೋನು ಎಷ್ಟು ಸಲ ಬೇಕಾದ್ರೂ ತಿರುಗಿಸಬಹುದಿತ್ತಲ್ಲ! ಹುಡುಗ ಸತ್ತ.

ಕತೆ ಮುಗೀತು ಅಂದ್ಕೊಂಡ್ರಾ? 2005ರಲ್ಲಿ ಅದೇ ಜೇಸನ್ ಟಾಡ್ ವಾಪಸ್ ಬಂದ. ಹೇಗೆ? ಖಳನಾಗಿ! ಮುಖಕ್ಕೆ ಕೆಂಪು ಮುಸುಕು, ಕೈಯಲ್ಲಿ ಪಿಸ್ತೂಲು. ಅವನು ಗುರುವನ್ನು ಕೇಳಿದ್ದು ಒಂದೇ ಮಾತು: ನನ್ನನ್ನು ಕೊಂದವನು ಇನ್ನೂ ಯಾಕೆ ಬದುಕಿದ್ದಾನೆ? 2010ರ ಕಾರ್ಟೂನ್ ಚಿತ್ರ ‘ಬ್ಯಾಟ್‌ಮನ್: ಅಂಡರ್ ದಿ ರೆಡ್ ಹುಡ್’ನಲ್ಲಿ ಆ ದೃಶ್ಯ ನೋಡಿ, ಕಲ್ಲೂ ಕರಗುತ್ತೆ. 2011ರ ಹೊತ್ತಿಗೆ ಅವನೇ ಮುಖ್ಯ ಪಾತ್ರವಾಗಿ ಮಾಸಿಕ ಪುಸ್ತಕ ಶುರುವಾಯ್ತು. ಫೋನ್ ಮಾಡಿ ‘ಸಾಯಲಿ’ ಅಂದ ಅದೇ ಅಭಿಮಾನಿ ಲೋಕ ‘ಇವನಿಗೊಂದು ದಾರಿ ಸಿಗಲಿ’ ಅಂತ ಹಂಬಲಿಸಿತು.

ನಾವೇನು ಕಮ್ಮಿ? 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅಣ್ಣಾವ್ರ ಹಿರಣ್ಯಕಶಿಪು ಘರ್ಜಿಸುವಾಗಲೂ ನಮ್ಮಜ್ಜಿಯಂಥವರಿಗೆ ಒಳಗೊಳಗೇ ಗೊತ್ತು: ಇವನು ವೈಕುಂಠದ ಬಾಗಿಲು ಕಾಯೋನು, ಶಾಪದ ಮೂರು ಜನ್ಮ ಕಳೆದು ಮನೆಗೆ ಹೋಗ್ತಾನೆ.

ಈಗ ಸಿನಿಮಾಕ್ಕೆ ಬರೋಣ. 2019ರ ‘ಜೋಕರ್’ ನಿಮಗೆಲ್ಲ ಗೊತ್ತು. ವಾಕಿನ್ ಫೀನಿಕ್ಸ್‌ಗೆ ಆಸ್ಕರ್, ಗಳಿಕೆ 100 ಕೋಟಿ ಡಾಲರ್ ಮೇಲೆ. ಮೆಟ್ಟಿಲ ಮೇಲೆ ಅವನು ಕುಣಿದಾಗ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. 2024ರಲ್ಲಿ ಅದರ ಎರಡನೇ ಭಾಗ. ಅದರಲ್ಲಿ ಆರ್ಥರ್ ಕೋರ್ಟಿನಲ್ಲಿ ನಿಂತು ಜೋಕರ್ ಅಂತ ಯಾರೂ ಇಲ್ಲ, ಇರೋದು ನಾನೊಬ್ಬನೇ, ಕೊಂದದ್ದೂ ನಾನೇ ಅಂತ ಒಪ್ಪಿಕೊಳ್ತಾನೆ. ತಕ್ಷಣ ಏನಾಗುತ್ತೆ? ಅವನನ್ನು ಪ್ರೀತಿಸ್ತೀನಿ ಅಂದ ಹುಡುಗಿ ಎದ್ದು ನಡೀತಾಳೆ. ಅಭಿಮಾನಿಗಳೂ ಅವಳ ಹಿಂದೆ. ಕೊನೆಗೆ ಜೈಲಲ್ಲಿ ಇನ್ನೊಬ್ಬ ಕೈದಿ ಇರೀತಾನೆ. ಅಷ್ಟೆ.

ಪ್ರೇಕ್ಷಕನೂ ಎದ್ದು ಹೋದ! ಗಳಿಕೆ ಮೊದಲನೆಯದರ ಐದನೇ ಒಂದು ಪಾಲು. ಚಿತ್ರದಲ್ಲಿ ತಪ್ಪಿಲ್ಲ ಅನ್ನಲ್ಲ. ಹಾಡು ಜಾಸ್ತಿ, ಓಟ ಕಮ್ಮಿ. ಆದ್ರೂ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮಗೆ ಖಳನ ಉದ್ಧಾರ ಬೇಕಾ, ಇಲ್ಲಾ ಅವನ ಡೈಲಾಗ್ ಬೇಕಾ?

ನಮ್ಮ ಬೀದಿ ಕೊನೆಯಲ್ಲಿ ಒಬ್ಬರು ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ಒಂದು ಕಾಲದಲ್ಲಿ ಅವರ ಹೆಸರು ಹೇಳಿದ್ರೆ ಮಾರ್ಕೆಟ್ಟು ನಡುಗ್ತಿತ್ತು. ಒಳಗೆ ಹೋಗಿ ಬಂದರು, ಎಲ್ಲ ಬಿಟ್ಟರು. ದೊಡ್ಡವರು ಈಗಲೂ ನಂಬಲ್ಲ, ಅಂಗಡಿ ದಾಟಿ ಗಾಡಿ ತಳ್ಕೊಂಡು ಹೋಗ್ತಾರೆ. ಹುಡುಗರು ನಂಬ್ತಾರೆ, ಆದ್ರೆ ಅವರಿಗದು ಬೇಕಿಲ್ಲ. ‘ಅಣ್ಣಾ, ಆ ಲಾಂಗ್ ಎತ್ತಿದ ಕತೆ ಹೇಳಣ್ಣಾ’ ಅಂತ ಪೀಡಿಸ್ತಾರೆ.

ನಾನೂ ಒಂದಿನ ಕೇಳಿಬಿಟ್ಟಿದ್ದೆ. ಅವರು ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಎಲ್ಲೇಳುತ್ತೆ ಅಂತ ನೋಡ್ತಾನೇ ಹೇಳಿದ್ರು: ‘ಅವನು ಸತ್ತು ಬಹಳ ದಿನ ಆಯ್ತಪ್ಪ. ಹಿಂದಿನ ಚಕ್ರಕ್ಕೂ ಗಾಳಿ ಹೊಡೀಲಾ?’

ಹೊಡೀರಿ ಅಂದೆ. ಮುಂದಿನ ವಾರ ಸಿಗೋಣ.